ಮಿದುಳಿನ ಗದ್ದೆಗೆ ಬದು ಹಾಕುವವರು ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ಕಾಲುವೆ ನೀರಿನ ವ್ಯವಹಾರ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ತೂಬಿನ ಹತ್ತಿರದವರು ಭತ್ತ ನಾಟಿ ಮಾಡುತ್ತಾರೆ, ಕೊನೆಯವರು ರಾಗಿ ಹಾಕುತ್ತಾರೆ. ಮಣ್ಣು ಒಂದೇ. ಬೆಳೆ ಯಾವುದು ಅನ್ನುವುದು ನೀರು ಎಷ್ಟು ಬಂತು ಅನ್ನುವುದರ ಮೇಲೆ. ಭ್ರೂಣದ ಮಿದುಳಿನಲ್ಲೂ ಇದೇ ಲೆಕ್ಕ.

ಶುರುವಿನಲ್ಲಿ ಮಿದುಳು ಅಂದರೆ ಬರೀ ಒಂದು ಕೊಳವೆ. ನಡುಮಿದುಳು, ಹಿಮ್ಮಿದುಳು ಕೂಡುವ ಕಡೆ ಅದು ಸೊಂಟದ ಹಾಗೆ ಸಣ್ಣಗಾಗಿರುತ್ತದೆ. ಅಲ್ಲಿನ ಕೋಶಗಳು ಎಫ್‌ಜಿಎಫ್ 8 ಎಂಬ ಪ್ರೋಟೀನನ್ನು ಒಸರುತ್ತವೆ. ಆ ಸೊಂಟವೇ ತೂಬು, ಆ ಪ್ರೋಟೀನೇ ನೀರು.

ವಿದ್ಯಾರ್ಥಿಯಾಗಿದ್ದಾಗ ನಾನು ಕೋಳಿಮೊಟ್ಟೆಗಳ ಜೊತೆ ತಿಂಗಳುಗಟ್ಟಲೆ ಕೂತವನು. ಎರಡು ದಿನ ಕಾವು ಕೊಟ್ಟ ಮೊಟ್ಟೆ. ಸಿರಿಂಜಿನಿಂದ ಸ್ವಲ್ಪ ಬಿಳಿಲೋಳೆ ಎಳೆದುಕೊಂಡರೆ ಭ್ರೂಣ ಸಿಪ್ಪೆ ಬಿಟ್ಟು ಕೆಳಗಿಳಿಯುತ್ತದೆ. ಆಮೇಲೆ ಕತ್ತರಿಯಿಂದ ಮೇಲೊಂದು ಕಿಟಕಿ. ಭ್ರೂಣ ಗಾಜಿನ ಹಾಗೆ, ಏನೂ ಕಾಣುವುದಿಲ್ಲ! ಅದರಡಿ ಒಂದು ಹನಿ ಕಪ್ಪು ಶಾಯಿ ಬಿಟ್ಟೆ ನೋಡಿ, ಅಕ್ಕಿಕಾಳಿನಷ್ಟು ಜೀವ, ಎದೆ ಟುಕುಟುಕು ಬಡಿಯುತ್ತಿದೆ. ಆವತ್ತು ಊಟದ ನೆನಪೇ ಆಗಲಿಲ್ಲ.

ಇಂಥ ಮೊಟ್ಟೆಯಲ್ಲೇ 1996ರಲ್ಲಿ ಕ್ರಾಸ್ಲಿ, ಮಾರ್ಟಿನೆಜ್ ಮತ್ತು ಗೇಲ್ ಮಾರ್ಟಿನ್ ಎಂಬ ವಿಜ್ಞಾನಿಗಳು ಒಂದು ಕೆಲಸ ಮಾಡಿದರು. ಗಸಗಸೆಗಿಂತ ಚಿಕ್ಕ ಮಣಿಯೊಂದನ್ನು ಎಫ್‌ಜಿಎಫ್ 8ರಲ್ಲಿ ನೆನೆಸಿ, ಮುಮ್ಮಿದುಳಿನ ಹಿಂಭಾಗದಲ್ಲಿ ಇಟ್ಟರು. ಮುಮ್ಮಿದುಳಾಗಬೇಕಿದ್ದ ಜಾಗದಲ್ಲಿ ಇನ್ನೊಂದು ನಡುಮಿದುಳು ಬೆಳೆಯಿತು! ಅದೂ ಹೇಗೆ? ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಯಾಕೆ ಹೇಳಿ? ಹೊಸ ತೂಬು ಎದುರು ದಿಕ್ಕಿನಲ್ಲಿತ್ತು. ಪ್ರೋಟೀನ್ ಇಲ್ಲದ ಮಣಿ ಇಟ್ಟರೆ ಏನೂ ಆಗುವುದಿಲ್ಲ.

"ಎಲ್ಲಾ ಜೀನಿನಲ್ಲೇ ಬರೆದಿದೆ, ಸಾರ್" ಅನ್ನುವವರು ದಯವಿಟ್ಟು ಆ ಮಣಿಯನ್ನು ನೆನಪಿಟ್ಟುಕೊಳ್ಳಿ. ಜೀನ್ ಒಂದೂ ಬದಲಾಗಿರಲಿಲ್ಲ. ತೂಬು ಎಲ್ಲಿ, ನೀರು ಎಷ್ಟು, ಅದು ಮಾತ್ರ ಬದಲಾಗಿತ್ತು.

ಹೊತ್ತಾಯಿತು ಅಂತ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳುತ್ತೇನೆ. ಆ ತೂಬನ್ನು ಅಲ್ಲೇ ನಿಲ್ಲಿಸುವುದು ಎರಡು ಜೀನುಗಳು. ಮುಂದೆ ಓಟಿಎಕ್ಸ್ 2, ಹಿಂದೆ ಜಿಬಿಎಕ್ಸ್ 2. ಒಂದು ಇನ್ನೊಂದನ್ನು ತನ್ನ ಹೊಲಕ್ಕೆ ಕಾಲಿಡಲು ಬಿಡುವುದಿಲ್ಲ, ಅವು ಸಂಧಿಸುವಲ್ಲಿ ಬದು.

ಇನ್ನು ಇಲಿ. ಅದರ ಒಂದೊಂದು ಮೀಸೆಗೂದಲಿಗೂ ಮಿದುಳಿನ ಹೊರಪದರದಲ್ಲಿ ಒಂದೊಂದು ಪುಟ್ಟ ಮಡಿ ಇದೆ. 2001ರಲ್ಲಿ ಫುಕುಚಿ-ಶಿಮೊಗೊರಿ ಮತ್ತು ಎಲಿಜಬೆತ್ ಗ್ರೋವ್ ಭ್ರೂಣದಲ್ಲಿ ಈ ಹೊರಪದರದ ಮುಂಭಾಗದ ಎಫ್‌ಜಿಎಫ್ 8 ಹೆಚ್ಚಿಸಿದರು, ಮಡಿಗಳೆಲ್ಲ ಹಿಂದಕ್ಕೆ ಸರಿದವು. ಹಿಂಭಾಗದಲ್ಲಿ ಇನ್ನೊಂದು ತೂಬು ತೆರೆದರು. ಅಲ್ಲೂ ಮೀಸೆಯ ಮಡಿಗಳು ಎದ್ದವು, ಎರಡನೆಯ ಸಲ.

ನಮಸ್ಕಾರ.