ಕಣ್ಣೆದುರಿಗಿದ್ದ ವಿಮಾನ ಕಾಣಲಿಲ್ಲವೇಕೆ?

(ದೃಶ್ಯ: ಸ್ಯಾನ್ ಡಿಯಾಗೊ ನಗರದ ನಕ್ಷೆ)

1978ರ ಸೆಪ್ಟೆಂಬರ್ 25ರ ಬೆಳಿಗ್ಗೆ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮೇಲೆ ಆಕಾಶ ತಿಳಿಯಾಗಿತ್ತು. ಇಳಿಯಲು ಬರುತ್ತಿದ್ದ ಪಿಎಸ್‌ಎ ಸಂಸ್ಥೆಯ ಬೋಯಿಂಗ್ 727ರ ಪೈಲಟ್‌ಗಳಿಗೆ, ಮುಂದೊಂದು ಪುಟ್ಟ ಸೆಸ್ನಾ ವಿಮಾನವಿದೆಯೆಂದು ನಿಯಂತ್ರಣ ಕೇಂದ್ರ ತಿಳಿಸಿತ್ತು. ಕಂಡಿತೆಂದು ಅವರು ಉತ್ತರಿಸಿಯೂ ಇದ್ದರು. ಆಮೇಲೆ ಅದು ಕಣ್ಣಿನಿಂದ ಜಾರಿತು. ದಾಟಿಹೋಗಿರಬೇಕೆಂದು ಅವರು ಭಾವಿಸಿದ್ದ ಆ ಸೆಸ್ನಾ ಅವರ ಮುಂದೆಯೇ, ತುಸು ಕೆಳಗೆ, ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ಮೇಲೇರುತ್ತಿತ್ತು. ಸುಮಾರು 2,600 ಅಡಿ ಎತ್ತರದಲ್ಲಿ ಎರಡೂ ಡಿಕ್ಕಿ ಹೊಡೆದವು. ನೆಲದ ಮೇಲಿದ್ದ 7 ಮಂದಿಯೂ ಸೇರಿ 144 ಜನ ಪ್ರಾಣ ಕಳೆದುಕೊಂಡರು.

ಇದನ್ನು ಬರೀ ಅಜಾಗರೂಕತೆಯೆಂದು ಬದಿಗಿಡುವುದು ಸತ್ತವರಿಗೂ ಮುಂದೆ ಹಾರುವವರಿಗೂ ಮಾಡುವ ಅನ್ಯಾಯ.

(ದೃಶ್ಯ: ಕಾಕ್‌ಪಿಟ್ ಗಾಜಿನ ಮೇಲೆ ಅಲುಗದ ಚುಕ್ಕೆ)

ನಮ್ಮ ಕಣ್ಣು ಮೊದಲು ಗುರುತಿಸುವುದು ಚಲನೆಯನ್ನು. ಆದರೆ ಎರಡು ವಿಮಾನಗಳು ವೇಗವನ್ನೂ ದಿಕ್ಕನ್ನೂ ಬದಲಿಸದೆ ಒಂದೇ ಬಿಂದುವಿನತ್ತ ಸಾಗುತ್ತಿದ್ದರೆ, ಒಂದರ ಗಾಜಿನಲ್ಲಿ ಇನ್ನೊಂದು ಸ್ವಲ್ಪವೂ ಸರಿಯದೆ ನಿಂತಲ್ಲೇ ನಿಂತಿರುತ್ತದೆ. ಗಾಜಿನ ಮೇಲೆ ಸರಿದುಹೋಗುವ ವಿಮಾನ ಸಾಮಾನ್ಯವಾಗಿ ಪಕ್ಕದಲ್ಲಿ ಹಾದುಹೋಗುತ್ತದೆ. ಡಿಕ್ಕಿಯಾಗುವುದು ಅಲುಗದೆ ನಿಂತ ಚುಕ್ಕೆಯೇ.

ಆ ಚುಕ್ಕೆ ದೊಡ್ಡದಾಗುವುದೂ ತಡವಾಗಿ, ಏಕೆಂದರೆ ದೂರ ಅರ್ಧವಾದಾಗಷ್ಟೇ ಗಾತ್ರ ಎರಡರಷ್ಟಾಗುತ್ತದೆ. ಗಂಟೆಗೆ 200 ಕಿಲೋಮೀಟರ್ ವೇಗದ ಎರಡು ಸೆಸ್ನಾಗಳು ಎದುರುಬದುರಾಗಿ ಬರುತ್ತಿವೆಯೆನ್ನಿ. ನೋಡಿ, ಗುರುತಿಸಿ, ಅಪಾಯವನ್ನು ಅರಿತು, ತೀರ್ಮಾನಿಸಿ, ವಿಮಾನವನ್ನು ತಿರುಗಿಸಲು ಒಟ್ಟು 12.5 ಸೆಕೆಂಡು ಬೇಕೆಂಬುದು ಅಮೆರಿಕದ ವಿಮಾನಯಾನ ಆಡಳಿತದ ಲೆಕ್ಕ. ಡಿಕ್ಕಿಗೆ ಅಷ್ಟೇ ಸಮಯ ಉಳಿದಾಗ ನಡುವಿನ ಅಂತರ ಸುಮಾರು 1.4 ಕಿಲೋಮೀಟರ್, ಆಗ ಎದುರಿನ ವಿಮಾನ ರೆಕ್ಕೆಯ ಈ ತುದಿಯಿಂದ ಆ ತುದಿಯವರೆಗೆ ಹುಣ್ಣಿಮೆಯ ಚಂದ್ರನಷ್ಟು ಅಗಲವೂ ಕಾಣುವುದಿಲ್ಲ, ಒಡಲಂತೂ ಇನ್ನೂ ತೆಳು.

ಸೂಕ್ಷ್ಮ ವಿವರಗಳನ್ನು ಹಿಡಿಯುವ ಕಣ್ಣಿನ ಭಾಗ ಒಮ್ಮೆಗೆ ನೋಡುವುದು ಸುಮಾರು 2 ಡಿಗ್ರಿ ಅಗಲವನ್ನು ಮಾತ್ರ. ನೋಟ ನೆಡಲು ಏನೂ ಇಲ್ಲದ ಬರಿ ಆಕಾಶದಲ್ಲಿ ಕಣ್ಣು ತಾನಾಗಿಯೇ ಹತ್ತಿರಕ್ಕೆ ಫೋಕಸ್ ಆಗಿಬಿಡುವುದರಿಂದ, ದೂರದ ವಿಮಾನ ಮಸುಕಾಗುತ್ತದೆ.

ಸ್ಯಾನ್ ಡಿಯಾಗೊದಲ್ಲಿ ಇವುಗಳ ಜೊತೆಗೆ ಹಿನ್ನೆಲೆಯೂ ಕೈಕೊಟ್ಟಿತು. ಮೇಲಿನಿಂದ ನೋಡುವವರಿಗೆ ಸೆಸ್ನಾದ ಹಿಂದೆ ಕಂಡದ್ದು ಆಕಾಶವಲ್ಲ, ಬಣ್ಣಬಣ್ಣದ ಮನೆಗಳ ಸಾಲು. ಕೊನೆಯ ಹಂತದಲ್ಲಿ ಅದು ಗಾಜಿನ ಕೆಳಭಾಗದಲ್ಲಿ, ವೈಪರ್‌ಗಳಿಗೆ ತಾಗಿದಂತೆ ಇದ್ದಿರಬೇಕೆಂದು ತನಿಖೆ ಕಂಡುಕೊಂಡಿತು.

1986ರಲ್ಲಿ ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ ಇನ್ನೊಂದು ಡಿಕ್ಕಿ 82 ಜನರನ್ನು ಬಲಿ ತೆಗೆದುಕೊಂಡ ನಂತರವೇ, ಟಿಕ್ಯಾಸ್ ಎಂಬ ಎಚ್ಚರಿಕೆ ಸಾಧನವನ್ನು ಅಮೆರಿಕ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಕಡ್ಡಾಯ ಮಾಡಿತು. ಆ ಸಾಧನ ಕೇಳುವುದು ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್, ಅಂದರೆ ರೇಡಿಯೊ ಸಂಕೇತಕ್ಕೆ ತಾನಾಗಿಯೇ ಮರುಸಂಕೇತ ಕಳಿಸುವ ಉಪಕರಣ, ಕೊಡುವ ಉತ್ತರವನ್ನು. ಟ್ರಾನ್ಸ್‌ಪಾಂಡರ್ ಇಲ್ಲದ ಗ್ಲೈಡರುಗಳು ಮತ್ತು ಹಳೆಯ ಸಣ್ಣ ವಿಮಾನಗಳನ್ನು ಕಾಣಲು ಪೈಲಟ್‌ಗೆ ಇಂದಿಗೂ ಅದೇ ಗಾಜು, ಅದೇ ಕಣ್ಣು.