ದುಡ್ಡು ಹಾಕಿದವರಿಗೆ ಹಾಡಿನ ಮೇಲೆ ಹಕ್ಕು ಬರುತ್ತದಾ?

ನಮಸ್ಕಾರ. ಇವತ್ತು ಫೈವ್ ಐರನ್ ಫ್ರೆಂಜಿ ಬಗ್ಗೆ ಮಾತಾಡೋಣ. ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ನಲ್ಲಿ 1995ರಲ್ಲಿ ಹುಟ್ಟಿದ ಸ್ಕಾ-ಪಂಕ್ ಬ್ಯಾಂಡ್ ಇದು. 2021ರ ಜನವರಿ 15ರಂದು ಇವರ 'ಅಂಟಿಲ್ ದಿಸ್ ಶೇಕ್ಸ್ ಅಪಾರ್ಟ್' ಆಲ್ಬಮ್ ಬಂತು. ಇದರ ಹಿಂದೆ ದೊಡ್ಡ ಕಂಪನಿ ಯಾವುದೂ ಇರಲಿಲ್ಲ. ಕಿಕ್‌ಸ್ಟಾರ್ಟರ್ ಎಂಬ ವೆಬ್‌ಸೈಟಿನಲ್ಲಿ ಅಭಿಮಾನಿಗಳೇ ಮುಂಗಡವಾಗಿ ದುಡ್ಡು ಹಾಕಿ ಮಾಡಿಸಿಕೊಂಡ ಆಲ್ಬಮ್ ಇದು. ಆದರೆ ಕೇಳಿ ಮುಗಿಸಿದ ಮೇಲೆ ಅದೇ ಅಭಿಮಾನಿಗಳಲ್ಲಿ ಒಂದಷ್ಟು ಜನ ಮುನಿಸಿಕೊಂಡರು. ಬ್ಯಾಂಡ್ ಬದಲಾಗಿದೆ, ನಮಗೆ ರಾಜಕೀಯ ಬೇಡ, ಹಳೇ ತಮಾಷೆ ಹಾಡುಗಳೇ ಚೆನ್ನಾಗಿದ್ದವು, ಹೀಗೆ ಅವರ ದೂರು.

ಈ ದೂರನ್ನು ನಾನು ಒಪ್ಪುವುದಿಲ್ಲ. ಬ್ಯಾಂಡ್ ಮೊದಲಿನಿಂದಲೂ ಇದನ್ನೇ ಹಾಡುತ್ತಾ ಬಂದಿದೆ. ಕೇಳುವವರು ಕುಣಿಯುವುದರಲ್ಲಿ ಮುಳುಗಿ ಮಾತಿನ ಕಡೆ ಗಮನ ಕೊಡಲಿಲ್ಲ.

ಸ್ಕಾ ಅಂದರೆ ಏನು ಎಂದು ಕೇಳುವವರಿಗೆ ಎರಡು ಮಾತು. 1950ರ ದಶಕದ ಕೊನೆಯಲ್ಲಿ ಜಮೈಕಾದಲ್ಲಿ ಹುಟ್ಟಿದ ಸಂಗೀತ ಇದು. ಗಿಟಾರ್ ತಾಳದ ಮೇಲೆ ಬೀಳದೆ, ಎರಡು ತಾಳದ ನಡುವೆ ಚಕ್ ಚಕ್ ಎಂದು ಬೀಳುತ್ತದೆ. ಜೊತೆಗೆ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್. ಕೇಳಿದರೆ ಕಾಲು ತಾನಾಗಿ ಆಡುತ್ತದೆ. 1962ರಲ್ಲಿ ಜಮೈಕಾಗೆ ಸ್ವಾತಂತ್ರ್ಯ ಬಂದಾಗ ಆ ಸಂಭ್ರಮದ ಸದ್ದು ಇದೇ ಆಗಿತ್ತು. ಆಮೇಲೆ 1979ರ ಹೊತ್ತಿಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ದಿ ಸ್ಪೆಷಲ್ಸ್ ಬ್ಯಾಂಡ್ ಇದನ್ನು ಪಂಕ್ ಎಂಬ ವೇಗದ, ಸಿಟ್ಟಿನ ರಾಕ್ ಸಂಗೀತದ ಜೊತೆ ಬೆರೆಸಿತು. ಕರಿಯರು, ಬಿಳಿಯರು ಒಂದೇ ವೇದಿಕೆಯಲ್ಲಿ ನಿಂತು ಜನಾಂಗದ್ವೇಷದ ವಿರುದ್ಧ ಹಾಡಿದರು. 1984ರಲ್ಲಿ ನೆಲ್ಸನ್ ಮಂಡೇಲಾ ಬಿಡುಗಡೆಗಾಗಿ ಇದೇ ಗುಂಪಿನಿಂದ ಬಂದ ಹಾಡನ್ನು ಜನ ಕುಣಿಯುತ್ತಲೇ ಹಾಡಿದರು. ಇಂಥ ಸಂಗೀತದಿಂದ ರಾಜಕೀಯ ತೆಗೆದಿಡಿ ಎಂದರೆ ಉಳಿಯುವುದು ಏನು ಹೇಳಿ? ಸ್ಕಾದವರು ಹಾಕುವ ಬರೀ ಟೋಪಿ, ಚೌಕಳಿ ಬಟ್ಟೆ.

ಈಗ ಫೈವ್ ಐರನ್ ಫ್ರೆಂಜಿಗೆ ಬರೋಣ. ಇವರು ಶುರುವಾಗಿದ್ದು ಕ್ರಿಶ್ಚಿಯನ್ ಬ್ಯಾಂಡ್ ಆಗಿ. 90ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಬ್ಯಾಂಡುಗಳಿಗೆ ಬೇರೆಯೇ ಮಾರುಕಟ್ಟೆ ಇತ್ತು. ಚರ್ಚಿನ ಯುವಕರ ಕೂಟ, ಕ್ರಿಶ್ಚಿಯನ್ ಪುಸ್ತಕದಂಗಡಿ, ಬೇಸಿಗೆಯ ಸಂಗೀತ ಹಬ್ಬ. ಮಕ್ಕಳು ಪಂಕ್ ಕೇಳುತ್ತೇವೆ ಎಂದು ಹಟ ಹಿಡಿದರೆ, ಸರಿ ಇದನ್ನು ಕೇಳಿ ಎಂದು ಅಪ್ಪ ಅಮ್ಮ ಧೈರ್ಯವಾಗಿ ಕೊಡಿಸುತ್ತಿದ್ದ ಸಿಡಿಗಳು. ಆದರೆ ಆ ಸಿಡಿಯೊಳಗೆ ಏನಿತ್ತು ನೋಡಿ.

1996ರ ಮೊದಲ ಆಲ್ಬಮ್ಮಿನಲ್ಲೇ 'ಓಲ್ಡ್ ವೆಸ್ಟ್' ಎಂಬ ಹಾಡಿದೆ. ದೇವರ ಹೆಸರು ಹೇಳಿಕೊಂಡು ಮೂಲನಿವಾಸಿಗಳ ನೆಲ ಕಿತ್ತುಕೊಂಡ ಬಗ್ಗೆ ಅದು. ಅದೇ ಆಲ್ಬಮ್ಮಿನ 'ಆಂಥೆಮ್', ನನ್ನ ನಿಷ್ಠೆ ಧ್ವಜಕ್ಕಲ್ಲ ಎನ್ನುವ ಹಾಡು. ಮರುವರ್ಷ, ಅಂದರೆ 1997ರಲ್ಲಿ ಬಂದ 'ಅವರ್ ನ್ಯೂಯೆಸ್ಟ್ ಆಲ್ಬಮ್ ಎವರ್!' ನನಗೆ ಇನ್ನೂ ಜಾಸ್ತಿ ಮುಖ್ಯ. ಅದರಲ್ಲಿ 'ಬ್ಲೂ ಕೋಂಬ್ 78' ಅಂತ ಒಂದು ಹಾಡು. ಚಿಕ್ಕಂದಿನಲ್ಲಿ ನೀಲಿ ಬಾಚಣಿಗೆ ಕಳೆದುಕೊಂಡ ದುಃಖವನ್ನು ಮಹಾ ದುರಂತದ ಹಾಗೆ ಹಾಡಿದ್ದಾರೆ. ಎಲ್ಲರಿಗೂ ಪ್ರೀತಿಯ ಹಾಡು ಅದು. ಅದು ಮುಗಿದ ಕೂಡಲೇ 'ಬ್ಯಾನರ್ ಇಯರ್' ಶುರುವಾಗುತ್ತದೆ. ಆ ಹಾಡು ಸ್ಯಾಂಡ್ ಕ್ರೀಕ್ ಹತ್ಯಾಕಾಂಡದ್ದು.

ಇಲ್ಲಿ ಸ್ವಲ್ಪ ನಿಲ್ಲಬೇಕು. 1864ರ ನವೆಂಬರ್ 29. ಕೊಲರಾಡೊದ ಆಗ್ನೇಯ ಮೂಲೆಯಲ್ಲಿ ಸ್ಯಾಂಡ್ ಕ್ರೀಕ್ ಎಂಬ ಹಳ್ಳದ ದಂಡೆ. ಶೈಯೆನ್, ಅರಾಪಹೊ ಎಂಬ ಮೂಲನಿವಾಸಿ ಜನ ಗುಡಾರ ಹಾಕಿಕೊಂಡು ಉಳಿದಿದ್ದರು. ಅವರ ನಾಯಕ ಬ್ಲ್ಯಾಕ್ ಕೆಟಲ್ ಶಾಂತಿ ಬಯಸಿದವನು. ತನ್ನ ಗುಡಾರದ ಮೇಲೆ ಅಮೆರಿಕದ ಬಾವುಟವನ್ನೂ ಬಿಳಿ ಬಾವುಟವನ್ನೂ ಏರಿಸಿದ್ದ. ಆದರೂ ಸೈನ್ಯ ಬಂದು ಸುಮಾರು 230 ಜನರನ್ನು ಕೊಂದಿತು. ಸತ್ತವರಲ್ಲಿ ಜಾಸ್ತಿ ಹೆಂಗಸರು, ಮಕ್ಕಳು, ಮುದುಕರು. ಸೈನ್ಯವನ್ನು ನಡೆಸಿದ ಕರ್ನಲ್ ಜಾನ್ ಶಿವಿಂಗ್ಟನ್ ಮೆಥಡಿಸ್ಟ್ ಚರ್ಚಿನ ಪಾದ್ರಿಯಾಗಿದ್ದವನು. ಅಂದರೆ ಈ ಹುಡುಗರು ತಮ್ಮದೇ ರಾಜ್ಯದ, ತಮ್ಮದೇ ಧರ್ಮದವನೊಬ್ಬ ಮಾಡಿದ ಪಾಪವನ್ನು ಎತ್ತಿಕೊಂಡು ಹಾಡಿದರು. ಅದೂ ಕ್ರಿಶ್ಚಿಯನ್ ಅಂಗಡಿಯಲ್ಲಿ ಮಾರಾಟವಾಗುವ ಸಿಡಿಯಲ್ಲಿ. ಬಾಚಣಿಗೆ ಹಾಡಿಗೆ ನಕ್ಕವರು ಮುಂದಿನ ಹಾಡನ್ನೂ ಕೇಳಿರಲೇಬೇಕು, ಅಲ್ವಾ?

ಹಾಗಾಗಿ 2021ರಲ್ಲಿ ಯಾರಾದರೂ ಇವರು ಈಗ ಹಾಳಾದರು ಎಂದರೆ ನನಗೆ ಬೇಜಾರಾಗುತ್ತದೆ. ಹೊಸ ಆಲ್ಬಮ್ ಜನಾಂಗದ್ವೇಷ, ಬಂದೂಕಿನ ಹುಚ್ಚು, ವಲಸಿಗರನ್ನು ನಡೆಸಿಕೊಳ್ಳುವ ರೀತಿ, ಅಧಿಕಾರದ ಜೊತೆ ಕೈಜೋಡಿಸಿದ ಚರ್ಚು, ಇವನ್ನೆಲ್ಲ ನೇರವಾಗಿ ಎದುರಿಸುತ್ತದೆ. ಡೆನ್ವರ್ ದುಬಾರಿಯಾಗಿ ಹಳಬರಿಗೇ ಜಾಗ ಇಲ್ಲದಂತಾದ ಸಂಕಟವೂ ಇದೆ. ಇದರಲ್ಲಿ ಯಾವುದೂ ಆ 1997ರ ಹುಡುಗರಿಗೆ ಹೊರಗಿನ ವಿಷಯ ಅಲ್ಲ.

ಬದಲಾಗಿದ್ದು ಒಂದೇ. ಬ್ಯಾಂಡಿಗೂ ಕೇಳುವವರಿಗೂ ಮಧ್ಯದಲ್ಲಿದ್ದ ಕಂಪನಿ, ಅಂಗಡಿಯವರು ಹೋದರು. 2003ರ ನವೆಂಬರ್ 22ರಂದು ಡೆನ್ವರ್‌ನಲ್ಲಿ ಕೊನೆಯ ಕಛೇರಿ ಮಾಡಿ ಬ್ಯಾಂಡ್ ಮುಚ್ಚಿತ್ತು. ಸರಿಯಾಗಿ ಎಂಟು ವರ್ಷದ ಮೇಲೆ ಅದೇ ದಿನ, 'ವಾಪಸ್ ಬರುತ್ತೇವೆ' ಎಂದು ಕಿಕ್‌ಸ್ಟಾರ್ಟರ್‌ನಲ್ಲಿ 30 ಸಾವಿರ ಡಾಲರ್ ಕೇಳಿದರು. ಒಂದು ಗಂಟೆಯೊಳಗೆ ಅಷ್ಟೂ ಬಂತು. ಕೊನೆಗೆ ಸೇರಿದ್ದು 2 ಲಕ್ಷ ಡಾಲರಿಗಿಂತ ಜಾಸ್ತಿ. ಆ ದುಡ್ಡಿನಲ್ಲಿ 2013ರ 'ಎಂಜಿನ್ ಆಫ್ ಎ ಮಿಲಿಯನ್ ಪ್ಲಾಟ್ಸ್' ಬಂತು. ಅಲ್ಲಿಂದ ಇವರು ಯಾವ ಅಂಗಡಿಗೂ, ಯಾವ ಮ್ಯಾನೇಜರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಬ್ಯಾಂಡಿನ ಒಳಗೂ ಎಲ್ಲರ ನಂಬಿಕೆ ಒಂದೇ ಆಗಿ ಉಳಿದಿರಲಿಲ್ಲ. ಕೆಲವರು ಧರ್ಮದಿಂದ ದೂರ ಸರಿದಿದ್ದರು. ಆದರೂ ಒಟ್ಟಿಗೆ ನಿಂತು ನುಡಿಸಿದರು. ನನಗೆ ಇದೇ ದೊಡ್ಡ ವಿಷಯವಾಗಿ ಕಾಣುತ್ತದೆ.

ಸರಿ, ಆ ಅಭಿಮಾನಿಗಳ ವಾದಕ್ಕೂ ಕಿವಿ ಕೊಡೋಣ. ನಾವು ದುಡ್ಡು ಹಾಕಿದ್ದೇವೆ, ನಮ್ಮನ್ನೇ ಬೈದರೆ ಹೇಗೆ ಎಂದು ಅವರು ಕೇಳುತ್ತಾರೆ. ದುಡ್ಡೇ ದೊಡ್ಡಪ್ಪ ಎನ್ನುತ್ತಾರಲ್ಲ, ಆ ಲೆಕ್ಕ ಇಲ್ಲಿಗೂ ಬಂದುಬಿಟ್ಟಿತು. ನೀವು ದುಡ್ಡು ಕೊಟ್ಟಿದ್ದು ಅವರು ಆಲ್ಬಮ್ ಮಾಡಲಿ ಎಂದು. ನಿಮಗೆ ಸಿಗಬೇಕಾದ್ದು ಸಿಡಿ, ಎಲ್‌ಪಿ, ಟಿ-ಶರ್ಟ್. ಅದು ತಡವಾದರೆ ಕೇಳಿ, ರೆಕಾರ್ಡಿಂಗ್ ಕೆಟ್ಟದಾಗಿದ್ದರೆ ಬೈಯಿರಿ, ಅದು ನ್ಯಾಯ. ಆದರೆ ಸಾಲು ಹೀಗೇ ಬರೆಯಿರಿ ಎಂದು ಹೇಳುವ ಹಕ್ಕು ಅದರ ಜೊತೆ ಬರುವುದಿಲ್ಲ. ಬಂದರೆ, ಹಿಂದೆ ಕಂಪನಿಯ ಒಬ್ಬ ಬಾಸ್ ಇದ್ದ ಜಾಗದಲ್ಲಿ ಈಗ ಸಾವಿರ ಬಾಸ್ ಆಗುತ್ತಾರೆ. ಅದಕ್ಕೆ ಸ್ವತಂತ್ರ ಆಲ್ಬಮ್ ಎಂಬ ಹೆಸರು ಯಾಕೆ?

ಇನ್ನೊಂದು ಬಗೆಯ ಅಭಿಮಾನಿಗಳೂ ಇದ್ದಾರೆ. ಅವರ ಬಗ್ಗೆ ಹೇಳಲೇಬೇಕು. ಆಲ್ಬಮ್ ಬರುವ ಒಂಬತ್ತು ದಿನ ಮುಂಚೆ, ಜನವರಿ 6ರಂದು, ವಾಷಿಂಗ್ಟನ್‌ನಲ್ಲಿ ಟ್ರಂಪ್ ಬೆಂಬಲಿಗರ ಗುಂಪು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿತ್ತು. ಆ ಗುಂಪಿನಲ್ಲಿ ಶಿಲುಬೆ ಹಿಡಿದವರಿದ್ದರು, ಏಸುವಿನ ಹೆಸರಿನ ಫಲಕ ಹಿಡಿದವರಿದ್ದರು. ಹಾಡುಗಳನ್ನು ಬರೆದು ರೆಕಾರ್ಡ್ ಮಾಡಿದ್ದು ಅದಕ್ಕೂ ಮುಂಚೆ. ಚರ್ಚಿನಲ್ಲೇ ಬೆಳೆದು, ಹದಿಹರೆಯದಲ್ಲಿ ಈ ಬ್ಯಾಂಡ್ ಕೇಳಿ, ಈಗ ತಮ್ಮ ಮನೆಯವರ ಜೊತೆಗೇ ಮಾತು ಮುರಿದುಕೊಂಡ ಎಷ್ಟೋ ಜನರಿಗೆ ಆ ವಾರ ಈ ಹಾಡುಗಳು ಸಿಕ್ಕವು. ನನಗೆ ಹೀಗೆ ಅನಿಸುವುದು ತಪ್ಪಲ್ಲ, ನಾನು ಒಬ್ಬನೇ ಅಲ್ಲ ಎಂದು ಅವರಿಗೆ ಅನಿಸಿತು. ನಲವತ್ತರ ಆಸುಪಾಸಿನ ಜನಕ್ಕೆ ಹದಿನೈದನೇ ವಯಸ್ಸಿನ ಬ್ಯಾಂಡ್ ಮತ್ತೆ ಹೀಗೆ ಜೊತೆಯಾಗುವುದು ಸಣ್ಣ ಮಾತಲ್ಲ.

ಆಲ್ಬಮ್ಮಿನಲ್ಲಿ ಕೊರತೆ ಇಲ್ಲ ಎನ್ನುತ್ತಿಲ್ಲ. ಕೆಲವು ಕಡೆ ಮಾತು ಭಾಷಣದ ಹತ್ತಿರ ಹೋಗುತ್ತದೆ. 'ಬ್ಯಾನರ್ ಇಯರ್'ನಲ್ಲಿ ಒಬ್ಬ ಮನುಷ್ಯ, ಒಂದು ಬಾವುಟ, ಒಂದು ಜಾಗ ಇತ್ತು. ಅದಕ್ಕೇ ಅದು ಎದೆಗೆ ತಾಗುತ್ತದೆ. ಹೊಸದರಲ್ಲಿ ಆ ನಿಖರತೆ ಎಲ್ಲಾ ಹಾಡಿನಲ್ಲಿ ಇಲ್ಲ. ಆದರೆ ಸಂಗೀತ? 2013ರ ಆಲ್ಬಮ್ ರಾಕ್ ಕಡೆ ಜಾಸ್ತಿ ವಾಲಿತ್ತು. ಸ್ಕಾ ಎಲ್ಲಿ ಹೋಯಿತು ಎಂದು ಆಗ ದೂರಿದವರಿಗೆ ಇಲ್ಲಿ ಮೊದಲ ಹಾಡು 'ಸೋ ವಿ ಸಿಂಗ್' ಶುರುವಾದ ಕೂಡಲೇ ಉತ್ತರ ಸಿಗುತ್ತದೆ. ಡೆನಿಸ್ ಕಲ್ಪ್ ಟ್ರಾಂಬೋನ್, ಲಿಯನೋರ್ ಒರ್ಟೇಗಾ ಟಿಲ್ ಸ್ಯಾಕ್ಸೊಫೋನ್ ಸೇರಿದಾಗ ಬರುವ ಆ ಸದ್ದು ಬೇರೆಯವರಿಗೆ ಬರುವುದಿಲ್ಲ. ಗಾಯಕ ರೀಸ್ ರೋಪರ್ ದನಿಯಲ್ಲಿ ಹಳೇ ಉತ್ಸಾಹದ ಜೊತೆ ಈಗ ಸಿಟ್ಟೂ ಇದೆ, ದುಃಖವೂ ಇದೆ.

ನೀವು ಹೊಸಬರಾದರೆ ಹೀಗೆ ಮಾಡಿ. ಮೊದಲು 1997ರ ಆಲ್ಬಮ್ ಹಾಕಿ. ಬಾಚಣಿಗೆ ಹಾಡಿಗೆ ನಗಿ, ಅದರ ಮುಂದಿನದನ್ನು ಸಾಲು ಓದುತ್ತಾ ಕೇಳಿ. ಆಮೇಲೆ ನೇರವಾಗಿ 2021ಕ್ಕೆ ಬನ್ನಿ. ಇವರು ಬದಲಾಗಿದ್ದಾರೆ ಎಂದು ಆಗಲೂ ಅನಿಸಿದರೆ ಕೆಳಗೆ ಬರೆಯಿರಿ. ಯಾವ ಹಾಡು, ಯಾವ ಸಾಲು ಎಂದು ಹೆಸರಿಟ್ಟು ಬರೆಯಿರಿ. ಒಂದೊಂದನ್ನೂ ಓದಿ ಉತ್ತರ ಕೊಡುತ್ತೇನೆ.