ದಿನಕ್ಕೊಂದು ತಾಸು, ಮೂರು ತಿಂಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆ ಮಾಸ್ತರನಾಗಿದ್ದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿದರೆ ಸಾಕು, ಅಲ್ಲಿ ಗುಳೆ ಶುರು, ಅಂದರೆ ಕೂಲಿ ಹುಡುಕಿಕೊಂಡು ಮನೆಮಂದಿಯೆಲ್ಲ ಊರು ಬಿಡುವುದು. ಬೆಳಿಗ್ಗೆ ಹಾಜರಿ ಕರೆದರೆ ಎಂಟು ಹತ್ತು ಹೆಸರಿಗೆ ಉತ್ತರವೇ ಬರುತ್ತಿರಲಿಲ್ಲ. ಆ ಮಕ್ಕಳ ಮುಖ ಮತ್ತೆ ಕಾಣುತ್ತಿದ್ದದ್ದು ಕಾರಹುಣ್ಣಿವೆ ಹೊತ್ತಿಗೆ.

ಒಂದು ವರ್ಷ ಹಾಗೆ ಬೆಂಗಳೂರಿನಿಂದ ತಿರುಗಿ ಬಂದ ಐದನೇ ತರಗತಿ ಹುಡುಗಿಯ ನೋಟ್‌ಬುಕ್ ತೆಗೆದು ನೋಡಿದೆ. ಜನವರಿ ಪಾಠದ ಮುಂದಿನ ಹಾಳೆಗಳಲ್ಲಿ ಕೂಲಿ ಲೆಕ್ಕ. ಸೋಮವಾರ ಪೂರಾ, ಮಂಗಳವಾರ ಅರೆ ದಿನ, ಬುಧವಾರ ಪೂರಾ. ಕೆಳಗೆ ಮೇಸ್ತ್ರಿ ಮೊದಲೇ ಕೊಟ್ಟ ದುಡ್ಡು ಕಳೆದು ಉಳಿದ ಬಾಕಿ. ಹಾಳೆಯ ಅಂಚಿಗೆ ಸಿಮೆಂಟ್ ಹತ್ತಿ ಗಟ್ಟಿಯಾಗಿತ್ತು.

"ಯಾರು ಬರೆದದ್ದವ್ವ ಇದು?" ಅಂದೆ.

"ನಾನೇ ರೀ ಸರ. ಅಪ್ಪಗ ಬರಿಯಾಕ ಬರಂಗಿಲ್ಲ."

ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಕನ್ನಡ ಪುಸ್ತಕ ಕೊಟ್ಟರೆ ಮಾತ್ರ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದಳು. ಆಮೇಲೆ ಗಮನಿಸಿದೆ, ಆ ಕೂಲಿ ಲೆಕ್ಕದಲ್ಲಿ ಎಲ್ಲೂ ಒತ್ತಕ್ಷರ ಇರಲಿಲ್ಲ. ಬರುವ ಪದಗಳನ್ನೇ ಆರಿಸಿಕೊಂಡು ಬರೆದಿದ್ದಳು.

ಅಂಥ ಮಗುವಿಗೆ ಬೇಕಾದದ್ದು ಪಕ್ಕದಲ್ಲಿ ಕೂತು ಓದಿಸುವ ಒಬ್ಬರು. ನಾನು ಎರಡು ತರಗತಿ ಒಟ್ಟಿಗೆ ನೋಡಬೇಕಿತ್ತು. ಸಂಜೆ ಅವಳಿಗಾಗಿ ವಾರಕ್ಕೆ ಎರಡು ದಿನ ಸಿಕ್ಕರೆ ಜಾಸ್ತಿ. ಪಿಯುಸಿ ಮುಗಿಸಿ ಊರಲ್ಲೇ ಇದ್ದ ಒಬ್ಬ ಯುವತಿಗೆ ಮಕ್ಕಳಿಗೆ ಕಲಿಸಬೇಕು ಅನ್ನುವ ಆಸೆ ಇತ್ತು. ಆದರೆ ಅವಳ ಕೈಗೆ ತಿಂಗಳಿಗಿಷ್ಟು ಅಂತ ಕೊಡಲು ಶಾಲೆಯಲ್ಲಿ ಹಣ ಇರಲಿಲ್ಲ.

ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಶಾಲಾ ಅನುದಾನ ಬರುವುದು ಮಕ್ಕಳ ತಲೆ ಎಣಿಸಿ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ. 100ರವರೆಗೆ 25,000. ಅದರಲ್ಲಿ ಹತ್ತರಲ್ಲೊಂದು ಪಾಲು ಸ್ವಚ್ಛತೆಗೇ ಹೋಗಬೇಕು. ಸೀಮೆಸುಣ್ಣ, ರಿಜಿಸ್ಟರ್, ಮುರಿದ ನಲ್ಲಿ ಅನ್ನುವಷ್ಟರಲ್ಲಿ ಉಳಿದದ್ದೂ ಮುಗಿಯುತ್ತದೆ. ಒಬ್ಬ ಮಗುವೂ ಗುಳೆ ಹೋಗದ 80 ಮಕ್ಕಳ ಶಾಲೆಗೂ 25,000, ಅರ್ಧಕ್ಕರ್ಧ ಗುಳೆ ಹೋಗುವ 80 ಮಕ್ಕಳ ಶಾಲೆಗೂ ಅಷ್ಟೇ. ಇದನ್ನು ನನಗೆ ಇವತ್ತಿಗೂ ಒಪ್ಪಲಾಗಿಲ್ಲ.

ಇಂಗ್ಲೆಂಡಿನಲ್ಲಿ 2011ರಿಂದ ಬೇರೆ ಪದ್ಧತಿ ಇದೆ. ಬಡ ಮನೆಯ ಮಗು ಶಾಲೆಯಲ್ಲಿದ್ದರೆ, ಆ ಮಗುವಿನ ಲೆಕ್ಕದಲ್ಲಿ ಶಾಲೆಗೆ ಹೆಚ್ಚಿನ ಹಣ ಬರುತ್ತದೆ. 2024-25ರಲ್ಲಿ ಪ್ರಾಥಮಿಕ ಶಾಲೆಯ ಒಂದು ಮಗುವಿಗೆ 1,480 ಪೌಂಡ್. ಅದನ್ನು ಹೇಗೆ ಬಳಸಿದೆವು ಅಂತ ಶಾಲೆಯವರು ಊರಿಗೆಲ್ಲ ಗೊತ್ತಾಗುವಂತೆ ಪ್ರಕಟಿಸಬೇಕು. ಅಷ್ಟು ದುಡ್ಡು ನಮಗೆ ಸಿಗಲಿಕ್ಕಿಲ್ಲ, ಆದರೆ ಮಗುವನ್ನು ನೋಡಿ ಹಣ ಕೊಡುವ ಆ ರೀತಿಯನ್ನು ನಾವೂ ತರಬಹುದು ಅಲ್ವಾ?

ನಮ್ಮ ಭಾಗಕ್ಕೆ ಇದು ತೀರಾ ಹೊಸದೂ ಅಲ್ಲ. ಬಿಸಿಯೂಟದ ಜೊತೆ ಕೋಳಿಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದದ್ದು ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ. ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಇತ್ತು, ಅದಕ್ಕೇ ಇಲ್ಲಿಂದ ಶುರು ಮಾಡಿದರು. ಮುಂದೆ ಅದು ಇಡೀ ರಾಜ್ಯಕ್ಕೆ ಬಂತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ಬಂದ ಮೇಲೆ ಆದ ನಮ್ಮ ಅಭಿವೃದ್ಧಿ ಮಂಡಳಿಯೂ 'ಅಕ್ಷರ ಆವಿಷ್ಕಾರ' ಅಂತ ಶಿಕ್ಷಣಕ್ಕೇ ಹಣ ಮೀಸಲಿಟ್ಟಿದೆ. ಆ ಹಣದಲ್ಲಿ ಶಾಲಾ ಕೊಠಡಿಗಳು ಆಗಲಿ, ಅವು ಬೇಕೇ ಬೇಕು. ಸೋರುವ ಮಾಳಿಗೆಯ ಕೆಳಗೆ ಪಾಠ ಮಾಡಿದವನು ನಾನು. ಆದರೆ ಅದರಲ್ಲಿ ಒಂದು ಪಾಲು ಗುಳೆ ಹೋಗಿ ಬಂದ ಮಕ್ಕಳಿಗೆ, ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೋಗಿ ಪಾಠ ತಪ್ಪಿಸಿಕೊಂಡವರಿಗೆ ಅಂತಲೇ ಇರಲಿ ಅನ್ನುವುದು ನನ್ನ ಕೋರಿಕೆ.

ಇದನ್ನು ಕೇಳುವ ದಾರಿ ತಂದೆತಾಯಿಗಳ ಕೈಯಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿ, ಅಂದರೆ ನಮ್ಮ ಎಸ್‌ಡಿಎಂಸಿ, ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು. ಸರ್ಕಾರ ಅನುದಾನ ಕೊಡುವಾಗ ಆ ಯೋಜನೆಯೇ ಆಧಾರವಾಗಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಸುಮ್ನೆ ಸಹಿ ಮಾಡಿ ಎದ್ದು ಬರಬೇಡಿ. ಗುಳೆ ಹೋಗಿ ಬಂದ ಮಕ್ಕಳ ಹೆಸರು ಒಂದೊಂದಾಗಿ ಬರೆಸಿ. ಯಾರಿಗೆ ಏನು ಬರುತ್ತದೆ, ಏನು ಬೇಕು ಅಂತ ಹೆಸರಿನ ಮುಂದೆ ಒಂದು ಸಾಲು ಬರೆಸಿ.

ಆ ಹುಡುಗಿಯ ಹೆಸರಿನ ಮುಂದೆ ನಾನಾದರೆ ಹೀಗೆ ಬರೆಸುತ್ತಿದ್ದೆ: ಲೆಕ್ಕ ಚೆನ್ನಾಗಿ ಬರುತ್ತದೆ. ಒತ್ತಕ್ಷರ ಕಲಿಸಲು ದಿನಕ್ಕೊಂದು ತಾಸು, ಮೂರು ತಿಂಗಳು, ಒಬ್ಬರು ಬೇಕು.

ನಮಸ್ಕಾರ.